ಬೆನ್ನಿಗೆ ಕೈ ಹಚ್ಚುವ ಮುನ್ನ

ಹಾಸನದಿಂದ ಬೇಲೂರಿನತ್ತ ಹೊರಟ ಬಸ್ಸು ಹಗರೆಯಲ್ಲಿ ನಿಂತರೆ, ಹಳೇಬೀಡಿಗೆ ಹೋಗಬೇಕಾದವರು ಅಲ್ಲಿ ಇಳಿದು ಬೇರೆ ದಾರಿ ಹಿಡಿಯುತ್ತಾರೆ. ಸೊಂಟ ಹಿಡಿದುಕೊಂಡವರ ಸ್ಥಿತಿಯೂ ಇಂಥ ಕವಲಿನಲ್ಲಿ ನಿಂತವರ ಸ್ಥಿತಿಯೇ. ಆಲೂಗೆಡ್ಡೆ ಮೂಟೆ ಎತ್ತುವಾಗಲೋ ತೆಂಗಿನಕಾಯಿ ಗೋಣಿಯನ್ನು ಗಾಡಿಗೆ ಹೇರುವಾಗಲೋ ಬೆನ್ನು ಚಳಕ್ ಎಂದಿತೆನ್ನಿ. ಮನೆಯಲ್ಲಿ ನಾಲ್ಕು ಜನ ನಾಲ್ಕು ದಾರಿ ತೋರಿಸುತ್ತಾರೆ. ಹಾಸನದ ದೊಡ್ಡಾಸ್ಪತ್ರೆಗೆ ಹೋಗಿ ಎನ್ನುತ್ತಾರೆ ಒಬ್ಬರು. ಪಕ್ಕದೂರಿನಲ್ಲಿ ಉಳುಕು ತೆಗೆಯುವವರಿದ್ದಾರೆ, ಎಣ್ಣೆ ಹಚ್ಚಿ ನೀವಿದರೆ ಸಾಕು ಎನ್ನುತ್ತಾರೆ ಇನ್ನೊಬ್ಬರು. ಕಾಲು ಮುಂದಾಗಿ ಹುಟ್ಟಿದವರಿಂದ ಸೊಂಟಕ್ಕೆ ಮೆಲ್ಲಗೆ ಒದೆಸಿಕೊಂಡರೆ ಸರಿಹೋಗುತ್ತದೆ ಎಂಬುದು ಅಜ್ಜಿಯ ಸಲಹೆ. ಈಚೆಗೆ ನಾಲ್ಕನೆಯದೊಂದು ಸೇರಿಕೊಂಡಿದೆ. ಬೆಂಗಳೂರಿನಿಂದ ಬಂದ ಮಗ ಮೊಬೈಲ್ ತೆರೆದು ತೋರಿಸುತ್ತಾನೆ: ಮಲಗಿದವನ ಕತ್ತನ್ನು ಯಾರೋ ಥಟ್ಟನೆ ತಿರುಗಿಸುತ್ತಾರೆ, ಲಟಕ್ ಎಂಬ ಸದ್ದು ಕೇಳುತ್ತದೆ, ಎದ್ದವನು ನಗುತ್ತಾನೆ. ಹೀಗೆ ಮಾಡುವವರನ್ನು ಕೈರೋಪ್ರಾಕ್ಟರ್ ಎನ್ನುತ್ತಾರೆ.

ಹೆಸರು ಹೊಸದು, ಕೈಯಿಂದ ಕೀಲು ಸರಿಪಡಿಸುವ ಕೆಲಸ ಮಾತ್ರ ನಮ್ಮ ಸೀಮೆಗೆ ಹೊಸದಲ್ಲ. ಗರಡಿಮನೆಯ ಉಸ್ತಾದರು ಜಾರಿದ ತೋಳನ್ನು ಕೂರಿಸುತ್ತಿದ್ದರು. ಹಳ್ಳಿಯ ನಾಟಿ ವೈದ್ಯರು ಮುರಿದ ಮೂಳೆಗೆ ಬಿದಿರಿನ ದಬ್ಬೆ ಕಟ್ಟಿ, ಮಂಗರವಳ್ಳಿ ಅರೆದು, ಉದ್ದಿನ ಹಿಟ್ಟು, ಮೊಟ್ಟೆಯ ಬಿಳಿ ಬೆರೆಸಿ ಪಟ್ಟು ಹಾಕುತ್ತಿದ್ದರು. ಎಷ್ಟೋ ಕಡೆ ಮನುಷ್ಯರ ಮೂಳೆಗೂ ದನದ ಮೂಳೆಗೂ ಒಬ್ಬರೇ ವೈದ್ಯರು. ಊರೂರಲ್ಲಿ ಕಾಣುವ ‘ಪುತ್ತೂರು ಕಟ್ಟು’ ಎಂಬ ಫಲಕವನ್ನು ಓದಿ ಅದು ದಕ್ಷಿಣ ಕನ್ನಡದ ಪುತ್ತೂರೆಂದು ತಿಳಿದವರು ಹಲವರು. ಅದು ಆಂಧ್ರಪ್ರದೇಶದಲ್ಲಿ ತಿರುಪತಿಗೆ ಸಮೀಪದ ಪುತ್ತೂರು. ಅಲ್ಲಿನ ಒಂದು ಮನೆತನ 19ನೇ ಶತಮಾನದಲ್ಲಿ ಆರಂಭಿಸಿದ ಮೂಳೆ ಕಟ್ಟುವ ಪದ್ಧತಿ ಕನ್ನಡ ನಾಡಿನ ಜನರನ್ನೂ ಸೆಳೆದುಕೊಂಡಿತು.

ಇವೆಲ್ಲಕ್ಕೂ ಹಿಂದಿನ ಆಧಾರ ಸುಶ್ರುತ ಸಂಹಿತೆ. ಅದರ ಚಿಕಿತ್ಸಾಸ್ಥಾನದ ಮೂರನೆಯ ಅಧ್ಯಾಯ ಪೂರ್ತಿ ಮೂಳೆ ಮುರಿತದ ಚಿಕಿತ್ಸೆಗೇ ಮೀಸಲು. ಕೀಲು ತಪ್ಪುವುದರಲ್ಲಿ 6 ಬಗೆ, ಮೂಳೆ ಮುರಿಯುವುದರಲ್ಲಿ 12 ಬಗೆ ಎಂದು ಈ ಗ್ರಂಥ ವಿಂಗಡಿಸುತ್ತದೆ. ಅತ್ತಿ, ಅರಳಿ, ಮುತ್ತುಗ, ಆಲ ಮುಂತಾದ ಮರಗಳ ತೊಗಟೆಯಿಂದಲೂ ಬಿದಿರಿನಿಂದಲೂ ದಬ್ಬೆ ಮಾಡಬೇಕೆನ್ನುತ್ತದೆ. ಕಟ್ಟನ್ನು ಚಳಿಗಾಲದಲ್ಲಿ 7 ದಿನಕ್ಕೊಮ್ಮೆ, ಬೇಸಿಗೆಯಲ್ಲಿ 3 ದಿನಕ್ಕೊಮ್ಮೆ, ಹದವಾದ ಹವೆಯಲ್ಲಿ 5 ದಿನಕ್ಕೊಮ್ಮೆ ಬದಲಿಸಬೇಕಂತೆ. ಇದಕ್ಕಿಂತ ಮುಖ್ಯವಾದದ್ದು ಅದೇ ಅಧ್ಯಾಯದ ಎಚ್ಚರಿಕೆ: ಕಟ್ಟು ಸಡಿಲವಾದರೆ ಕೀಲು ನಿಲ್ಲದು, ಬಿಗಿಯಾದರೆ ಬಾವು, ನೋವು, ಕೀವು. ಬಿಗಿ ಕಟ್ಟಿನಿಂದ ರಕ್ತ ಹರಿಯದೆ ಸ್ನಾಯು ಸತ್ತು ಕೈ ಮುರುಟಿಹೋಗುವುದನ್ನು ಜರ್ಮನಿಯ ಶಸ್ತ್ರವೈದ್ಯ ರಿಚರ್ಡ್ ಫಾನ್ ಫೋಕ್‌ಮನ್ 1881ರಲ್ಲಿ ವಿವರಿಸಿದ. ಆ ಊನಕ್ಕೆ ಇಂದಿಗೂ ಅವನದೇ ಹೆಸರು. ಮುರಿದ ಕೈಗೆ ಅತಿ ಬಿಗಿಯಾಗಿ ದಬ್ಬೆ ಕಟ್ಟಿಸಿಕೊಂಡು, ಬೆರಳು ಕಪ್ಪಾದ ಮೇಲೆ ಆಸ್ಪತ್ರೆಗೆ ಬಂದು ಕೈಯನ್ನೇ ಕಳೆದುಕೊಳ್ಳುವವರು ಈಗಲೂ ಇದ್ದಾರೆ.

ಮೊದಲ ಸಲ ಹೋಗುವವರು ತಿಳಿಯಬೇಕಾದ ಒಂದು ವ್ಯತ್ಯಾಸ ಇಲ್ಲಿದೆ. ಕೈರೋಪ್ರಾಕ್ಟರ್ ಮುರಿದ ಮೂಳೆ ಕೂಡಿಸುವವರಲ್ಲ. ಅವರ ಕೆಲಸ ಮುಖ್ಯವಾಗಿ ಬೆನ್ನುಹುರಿ ಹಾದುಹೋಗುವ ಮೂಳೆಸರದ, ಅಂದರೆ ಸೊಂಟ, ಬೆನ್ನು, ಕತ್ತುಗಳ ಕೀಲುಗಳ ಮೇಲೆ. ಬಿದ್ದು ಪೆಟ್ಟಾದವರು ಅಲ್ಲಿಗೆ ಹೋಗುವುದೇ ತಪ್ಪು; ಮೊದಲು ಎಕ್ಸ್‌ರೇ ಆಗಬೇಕು.

ಈ ಪದ್ಧತಿ ಹುಟ್ಟಿದ್ದು ಅಮೆರಿಕದ ಅಯೋವಾ ರಾಜ್ಯದ ಡೇವನ್‌ಪೋರ್ಟ್‌ನಲ್ಲಿ, 1895ರ ಸೆಪ್ಟೆಂಬರ್ 18ರಂದು. ಡೇನಿಯಲ್ ಡೇವಿಡ್ ಪಾಮರ್ ಎಂಬಾತ ಕಿರಾಣಿ ವ್ಯಾಪಾರ ಮಾಡಿ, ಆಮೇಲೆ ಅಯಸ್ಕಾಂತ ಶಕ್ತಿಯಿಂದ ರೋಗ ವಾಸಿಮಾಡುವುದಾಗಿ ಹೇಳುತ್ತಿದ್ದವನು. ತನ್ನ ಕಟ್ಟಡದ ಕಸಗುಡಿಸುತ್ತಿದ್ದ ಹಾರ್ವೆ ಲಿಲ್ಲಾರ್ಡ್ ಎಂಬವನ ಬೆನ್ನಿನ ಉಬ್ಬನ್ನು ಕೈಯಿಂದ ಒತ್ತಿದಾಗ, 17 ವರ್ಷಗಳ ಕಿವುಡು ಹೋಯಿತೆಂದು ಪಾಮರ್ ಹೇಳಿಕೊಂಡ. ಗ್ರೀಕ್ ಭಾಷೆಯ ‘ಕೈ’ ಮತ್ತು ‘ಮಾಡುವುದು’ ಎಂಬ ಅರ್ಥದ ಮಾತುಗಳಿಂದ ಹೊಸ ಹೆಸರನ್ನು ಹುಡುಕಿಕೊಟ್ಟವನು ಅವನ ಪರಿಚಯದ ಪಾದ್ರಿ. ನಮ್ಮ ‘ಕೈ’ಗೂ ಅದಕ್ಕೂ ಸಂಬಂಧವಿಲ್ಲ; ಕಾಕತಾಳೀಯವಷ್ಟೆ. ಕಿವಿಯ ನರ ಬೆನ್ನಿನ ಮೂಲಕ ಹಾದುಹೋಗುವುದೇ ಇಲ್ಲ ಎಂದು ವೈದ್ಯರು ಆಕ್ಷೇಪಿಸಿದರೂ ಪಾಮರ್ ಜಗ್ಗಲಿಲ್ಲ. ನೂರಕ್ಕೆ 95 ರೋಗಗಳಿಗೆ ಸ್ಥಾನ ತಪ್ಪಿದ ಬೆನ್ನೆಲುಬೇ ಕಾರಣ ಎಂದು 1910ರ ತನ್ನ ಗ್ರಂಥದಲ್ಲಿ ಬರೆದ. ಪರವಾನಗಿಯಿಲ್ಲದೆ ವೈದ್ಯ ಮಾಡಿದ್ದಕ್ಕೆ 1906ರಲ್ಲಿ ಸೆರೆಮನೆಯನ್ನೂ ಕಂಡ.

ಅಮೆರಿಕದ ವೈದ್ಯಕೀಯ ಸಂಘ ಈ ಪಂಥವನ್ನು ನಿರ್ಮೂಲ ಮಾಡಲು ಹೊರಟಾಗ ಕೈರೋಪ್ರಾಕ್ಟರುಗಳು 1976ರಲ್ಲಿ ನ್ಯಾಯಾಲಯಕ್ಕೆ ಹೋದರು. 1987ರಲ್ಲಿ ತೀರ್ಪು ಸಂಘದ ವಿರುದ್ಧ ಬಂತು. ಆದರೆ ಆ ತೀರ್ಪು ವ್ಯಾಪಾರದ ಬಹಿಷ್ಕಾರ ತಪ್ಪೆಂದಿತೇ ಹೊರತು ಪಾಮರ್‌ನ ಸಿದ್ಧಾಂತ ಸರಿಯೆನ್ನಲಿಲ್ಲ. ಇದನ್ನು ಜಾಹೀರಾತುಗಳು ಹೇಳುವುದಿಲ್ಲ.

ಹಾಗಾದರೆ ಇದು ಬರೀ ಬೂಟಾಟಿಕೆಯೇ? ಅಷ್ಟು ಸುಲಭವಾಗಿ ತಳ್ಳಿಹಾಕುವಂತಿಲ್ಲ. ಸೊಂಟನೋವಿಗೆ ಈ ಚಿಕಿತ್ಸೆಯಿಂದ ಸಾಧಾರಣ ಪ್ರಮಾಣದ ಉಪಶಮನ ಸಿಗುತ್ತದೆ ಎಂದು 2017ರಲ್ಲಿ ಪ್ರಕಟವಾದ ಸಮೀಕ್ಷೆ ತೋರಿಸಿತು. ಅಮೆರಿಕದ ವೈದ್ಯ ತಜ್ಞರ ಸಂಸ್ಥೆಯೊಂದು ಅದೇ ವರ್ಷ ಔಷಧಿಗೆ ಮುಂಚೆ ಪ್ರಯತ್ನಿಸಬಹುದಾದ ಉಪಾಯಗಳಲ್ಲಿ ಇದನ್ನೂ ಸೇರಿಸಿತು. ಆದರೆ ಹೊಸದಾಗಿ ಹಿಡಿದುಕೊಂಡ ಸೊಂಟ ಬಹುಪಾಲು ಜನರಲ್ಲಿ ಕೆಲವು ವಾರಗಳಲ್ಲಿ ತಾನಾಗಿಯೇ ಬಿಡುತ್ತದೆ. ಕಿವುಡು, ಆಸ್ತಮಾ, ಸಕ್ಕರೆ ಕಾಯಿಲೆಗಳಿಗೆ ಬೆನ್ನು ತಿರುಗಿಸುವುದರಿಂದ ಗುಣವಾಗುತ್ತದೆ ಎಂಬುದಕ್ಕೆ ಆಧಾರವಿಲ್ಲ.

ಇನ್ನು ಆ ಸದ್ದು. ಜನ ಮರುಳಾಗುವುದು ಅದಕ್ಕೇ. ಸ್ಥಾನ ತಪ್ಪಿದ ಮೂಳೆ ಮರಳಿ ಕೂತಿತು ಎಂದೇ ಎಲ್ಲರ ನಂಬಿಕೆ. ಬೆರಳಿನ ನೆಟಿಗೆ ಮುರಿಯುವಾಗ ಏನಾಗುತ್ತದೆಂದು ಕೆನಡಾದ ಆಲ್ಬರ್ಟಾ ವಿಶ್ವವಿದ್ಯಾಲಯದವರು ಎಂಆರ್‌ಐ ಯಂತ್ರದಲ್ಲಿ ನೋಡಿ 2015ರಲ್ಲಿ ಪ್ರಕಟಿಸಿದರು. ಕೀಲಿನ ಎರಡು ಮೂಳೆಗಳು ಥಟ್ಟನೆ ದೂರ ಸರಿದಾಗ ನಡುವಿನ ದ್ರವದಲ್ಲಿ ಅನಿಲದ ಪೊಳ್ಳು ಉಂಟಾಗುತ್ತದೆ, ಸದ್ದು ಆಗಿನದು. ಬೆನ್ನಿನ ಲಟಕ್ ಕೂಡ ಇದೇ ಜಾತಿಯದು. ಸದ್ದು ಬಂದರೆ ವಾಸಿಯಾಯಿತೆಂದಲ್ಲ, ಬರದಿದ್ದರೆ ವ್ಯರ್ಥವೆಂದೂ ಅಲ್ಲ.

ಮೂಳೆ ಸರಿಪಡಿಸುವವರ ಬಗ್ಗೆ ಅತ್ಯಂತ ನ್ಯಾಯವಾದ ಮಾತು ಬಂದದ್ದು ಇಂಗ್ಲೆಂಡಿನಿಂದ. ಅಲ್ಲಿಯೂ ನಮ್ಮ ನಾಟಿ ವೈದ್ಯರಂಥವರು ಹಳ್ಳಿಗಳಲ್ಲಿದ್ದರು. ಲಂಡನ್ನಿನ ಹೆಸರಾಂತ ಶಸ್ತ್ರವೈದ್ಯ ಜೇಮ್ಸ್ ಪೇಜೆಟ್ 1867ರಲ್ಲಿ ಅವರು ಗುಣಪಡಿಸುವ ರೋಗಿಗಳ ಬಗ್ಗೆಯೇ ಉಪನ್ಯಾಸ ಕೊಟ್ಟ. ಅವರಿಂದ ಒಳ್ಳೆಯದನ್ನು ಕಲಿಯಿರಿ, ಕೆಟ್ಟದ್ದನ್ನು ಬಿಡಿ ಎಂಬುದು ಅವನ ಮಾತಿನ ತಿರುಳು. ಬಿಗಿದುಕೊಂಡ ಕೀಲಿಗೆ ಅವರ ಕೈ ಒಳ್ಳೆಯದೇ, ಕ್ಷಯ ಹತ್ತಿದ ಕೀಲಿಗೆ ಅದೇ ಕೈ ಅನಾಹುತ ಎಂಬುದನ್ನು ಅಂದಿನ ವೈದ್ಯರು ಕಣ್ಣಾರೆ ಕಂಡಿದ್ದರು. ಆ ದೇಶದಲ್ಲಿ ಎರಡು ವಿದ್ಯೆಗಳೂ ಒಂದೇ ಮನೆಯಲ್ಲಿ ಕೂಡಿದ ಉದಾಹರಣೆಯೂ ಇದೆ. ಲಿವರ್‌ಪೂಲಿನಲ್ಲಿ ಮೂಳೆ ಕಟ್ಟುತ್ತಿದ್ದ ವೇಲ್ಸ್ ಮೂಲದ ಈವಾನ್ ಥಾಮಸ್ ತನ್ನ ಮಗ ಹ್ಯೂ ಓವೆನ್ ಥಾಮಸ್‌ನನ್ನು ವೈದ್ಯಕೀಯ ಓದಲು ಕಳುಹಿಸಿದ. ಮಗ ರೂಪಿಸಿದ ತೊಡೆ ಮೂಳೆಯ ಚೌಕಟ್ಟು ಮೊದಲನೆಯ ಮಹಾಯುದ್ಧದಲ್ಲಿ ಸಾವಿರಾರು ಸೈನಿಕರ ಪ್ರಾಣ ಉಳಿಸಿತು. ‘ಥಾಮಸ್ ಸ್ಪ್ಲಿಂಟ್’ ಈಗಲೂ ಬಳಕೆಯಲ್ಲಿದೆ.

ಪೇಜೆಟ್‌ನ ಕಾಲದ ಆ ಭಯ ನಮ್ಮಲ್ಲಿ ಇಂದಿಗೂ ನಿಜ. ಭಾರತದಲ್ಲಿ ಬೆನ್ನುಮೂಳೆಯ ಕ್ಷಯ ಅಪರೂಪವಲ್ಲ. ರಾತ್ರಿಯೂ ಬಿಡದ ಬೆನ್ನುನೋವು, ಸಂಜೆ ಜ್ವರ, ತೂಕ ಇಳಿಯುವುದು ಕಂಡರೆ ಅದು ಉಳುಕಲ್ಲ. ಕ್ಷಯದಿಂದ ಸವೆದ ಮೂಳೆಯನ್ನು ತಿರುಚಿದರೆ ಕಾಲು ಸ್ವಾಧೀನ ತಪ್ಪಬಹುದು. ಕಾಲಿನ ಬಲ ಕುಗ್ಗಿದರೆ, ತೊಡೆ ಸಂದಿ ಮರಗಟ್ಟಿದರೆ, ಮೂತ್ರ ಮಲದ ಹಿಡಿತ ಹೋದರೆ ಒಂದು ದಿನವೂ ತಡಮಾಡದೆ ದೊಡ್ಡಾಸ್ಪತ್ರೆಗೇ ಹೋಗಬೇಕು. ಮೂಳೆ ಸವೆದ ವಯಸ್ಸಾದವರು, ಕ್ಯಾನ್ಸರ್ ಆಗಿದ್ದವರು, ರಕ್ತ ತೆಳುವಾಗಿಸುವ ಮಾತ್ರೆ ನುಂಗುವವರು ಅದನ್ನು ಮೊದಲೇ ಹೇಳಬೇಕು. ಕೇಳದೆಯೇ ಕೈ ಹಚ್ಚುವವರಿಂದ ಎದ್ದು ಬರುವುದೇ ಲೇಸು.

ಕತ್ತಿನ ವಿಷಯ ಇನ್ನೂ ಸೂಕ್ಷ್ಮ. ಮಿದುಳಿಗೆ ರಕ್ತ ಒಯ್ಯುವ ನಾಳಗಳು ಅಲ್ಲೇ ಹಾದುಹೋಗುತ್ತವೆ. 2024ರಲ್ಲಿ ಬಳ್ಳಾರಿ ಮೂಲದ ಯುವಕನೊಬ್ಬ ಕ್ಷೌರದಂಗಡಿಯಲ್ಲಿ ತಲೆ ತಿಕ್ಕಿಸಿಕೊಂಡು ಕತ್ತಿನ ನೆಟಿಗೆ ತೆಗೆಸಿಕೊಂಡಾಗ ರಕ್ತನಾಳ ಹರಿದು ಪಾರ್ಶ್ವವಾಯು ತಗುಲಿತು. ಬೆಂಗಳೂರಿನಲ್ಲಿ ಚಿಕಿತ್ಸೆ ಪಡೆದು ಚೇತರಿಸಿಕೊಂಡ. ಇಂಥದು ಅಪರೂಪ, ಆದರೆ ಯಾರಿಗೆ ಆಗುತ್ತದೆಂದು ಮೊದಲೇ ಹೇಳಲಾಗದು. ಕತ್ತು ತಿರುಗಿಸುವುದು ಬೇಡ ಎನ್ನುವ ಹಕ್ಕು ರೋಗಿಗೆ ಇದೆ.

ಕಲಿತವರನ್ನು ಗುರುತಿಸುವುದು ಹೇಗೆ? ವಿಶ್ವ ಆರೋಗ್ಯ ಸಂಸ್ಥೆ 2005ರಲ್ಲಿ ಪ್ರಕಟಿಸಿದ ಮಾರ್ಗಸೂಚಿಯ ಪ್ರಕಾರ ಪೂರ್ಣ ತರಬೇತಿಗೆ ನಾಲ್ಕು ವರ್ಷ, 4200 ಗಂಟೆಗಳ ಪಾಠ ಬೇಕು. ಭಾರತದಲ್ಲಿ ವೈದ್ಯರಿಗೆ, ಆಯುರ್ವೇದದವರಿಗೆ ಮಂಡಳಿಗಳಿರುವಂತೆ ಕೈರೋಪ್ರಾಕ್ಟರುಗಳಿಗೆಂದೇ ಕಾನೂನಿನ ಮಂಡಳಿ ಇಲ್ಲ. ಹೀಗಾಗಿ ವಿದೇಶದಲ್ಲಿ ಓದಿ ಬಂದವರೂ, ವಿಡಿಯೊ ನೋಡಿ ಕಲಿತವರೂ ಒಂದೇ ಬಗೆಯ ಫಲಕ ಹಾಕಿಕೊಳ್ಳಬಹುದು. ಪರಂಪರೆಯ ವೈದ್ಯರ ವಿಚಾರದಲ್ಲಿ ಸುಪ್ರೀಂ ಕೋರ್ಟ್ 2018ರ ಏಪ್ರಿಲ್‌ನಲ್ಲಿ ಕೇರಳದ ಪ್ರಕರಣವೊಂದರಲ್ಲಿ ಖಡಕ್ಕಾಗಿ ಮಾತಾಡಿತು: ಮಾನ್ಯ ಅರ್ಹತೆಯಿಲ್ಲದೆ ವೈದ್ಯ ವೃತ್ತಿ ನಡೆಸುವಂತಿಲ್ಲ.

ಎಲ್ಲಿ, ಎಷ್ಟು ವರ್ಷ ಓದಿದಿರಿ ಎಂದು ಕೇಳಲು ಸಂಕೋಚಪಡಬೇಕಿಲ್ಲ. ಏನು ಮಾಡುತ್ತೀರಿ, ಯಾಕೆ ಎಂದು ಕೇಳಿದರೆ ಬಲ್ಲವರು ಬಿಡಿಸಿ ಹೇಳುತ್ತಾರೆ. ಚಿಕಿತ್ಸೆಯ ಮರುದಿನ ಮೈ ಕೈ ನೋಯುವುದು ಸಾಮಾನ್ಯ, ಅದಕ್ಕೆ ಹೆದರಬೇಕಿಲ್ಲ. ಇಪ್ಪತ್ತು ಸಲ ಬರಬೇಕು, ಹಣ ಈಗಲೇ ಕಟ್ಟಿ ಎಂದರೆ ಮಾತ್ರ ಯೋಚಿಸಬೇಕು. ನಾಲ್ಕಾರು ಸಲ ಹೋದ ಮೇಲೂ ನೋವು ಇದ್ದಂತೆಯೇ ಇದ್ದರೆ ಮತ್ತೆ ಅಲ್ಲಿಗೆ ಹೋಗುವ ಬದಲು ಹಾಸನದ ಬಸ್ಸು ಹತ್ತಿ ಮೂಳೆ ವೈದ್ಯರನ್ನು ಕಾಣುವುದು ಒಳ್ಳೆಯದು.