ಅಂಕವಹಿ ತೆರೆಯುವುದು ಯಾರಿಗಾಗಿ?

ಮಾಗಡಿ ತಾಲ್ಲೂಕಿನ ಕೆಂಪಾಪುರದ ಹೆಸರು 2015ರಲ್ಲಿ ಪತ್ರಿಕೆಗಳಲ್ಲಿ ದೊಡ್ಡದಾಗಿ ಬಂತು. ನಾಡಪ್ರಭು ಕೆಂಪೇಗೌಡರ ಸಮಾಧಿ ಇದೇ ಎಂದು ಶಾಸನ ಓದಿದವರು ಹೇಳಿದ ವರ್ಷ ಅದು. ಕಲ್ಲು ಅಲ್ಲೇ ಇತ್ತು, ಅಕ್ಷರವೂ ಇತ್ತು. ಕೂತು ಓದುವವರು ಬರಬೇಕಿತ್ತು, ಅಷ್ಟೇ.

ನಮ್ಮ ಸೀಮೆಯ ಪ್ರೌಢಶಾಲೆಗಳ ಬೀರುಗಳಲ್ಲೂ ಓದುವವರಿಗಾಗಿ ಕಾದಿರುವ ಬರಹವೊಂದಿದೆ: ಅಂಕವಹಿ. ಯಾವ ಹುಡುಗಿ ಗಣಿತದಲ್ಲಿ ಯಾವ ತಿಂಗಳಿಂದ ಜಾರಿದಳು, ಯಾವ ಹುಡುಗ ಇಂಗ್ಲಿಷಿನಲ್ಲಿ ಮೂರು ಪರೀಕ್ಷೆಯಿಂದ ಎದ್ದೇ ಇಲ್ಲ, ಎಲ್ಲವೂ ಅದರಲ್ಲಿದೆ. ಅದನ್ನು ಯಾತಕ್ಕೆ ಬಳಸುತ್ತ ಬಂದೆವು ಎಂಬುದಕ್ಕೆ ನೂರು ವರ್ಷ ಮೀರಿದ ಕಥೆಯಿದೆ.

ಎಸ್ಸೆಸ್ಸೆಲ್ಸಿ ಎಂದರೆ ನಮಗೆ ಮಾರ್ಚ್ ತಿಂಗಳ ಪರೀಕ್ಷೆ. ಹುಟ್ಟಿದಾಗ ಅದು ಬರೀ ಪರೀಕ್ಷೆಯಾಗಿರಲಿಲ್ಲ. ಮಂಗಳೂರು, ಬಳ್ಳಾರಿಗಳು ಸೇರಿದ್ದ ಮದ್ರಾಸ್ ಪ್ರಾಂತ್ಯದಲ್ಲಿ 1911ರ ಸುಮಾರಿಗೆ ಹಳೆಯ ಮೆಟ್ರಿಕ್ ಜಾಗಕ್ಕೆ ಈ ಪದ್ಧತಿ ಬಂತು. ವಿಶ್ವೇಶ್ವರಯ್ಯನವರು ದಿವಾನರಾಗಿದ್ದ ದಶಕದಲ್ಲಿ ಮೈಸೂರು ಸಂಸ್ಥಾನವೂ ಅದನ್ನು ತೆಗೆದುಕೊಂಡಿತು. ಮದ್ರಾಸಿನಲ್ಲಿ ಹುಡುಗನಿಗೆ ಸಿಗುತ್ತಿದ್ದದ್ದು ಒಂದು ಹಾಳೆಯಲ್ಲ, ಪುಸ್ತಕ. ಪಬ್ಲಿಕ್ ಪರೀಕ್ಷೆಯ ಅಂಕದ ಜೊತೆಗೆ ಪ್ರೌಢಶಾಲೆಯ ಕೊನೆಯ ವರ್ಷಗಳಲ್ಲಿ ಶಾಲೆಯೇ ಕೊಟ್ಟ ಅಂಕಗಳೂ ಅದರಲ್ಲಿ ಇರುತ್ತಿದ್ದವು. ಒಂದು ದಿನದ ಮೂರು ಗಂಟೆಯಿಂದ ಹುಡುಗನನ್ನು ಅಳೆಯಬೇಡಿ, ವರ್ಷಗಟ್ಟಲೆ ನೋಡಿ ಎಂಬ ಯೋಚನೆ ಅದರ ಹಿಂದಿತ್ತು.

ಆ ಯೋಚನೆ ನಿಲ್ಲಲಿಲ್ಲ. ಕೊನೆಗೆ ಉಳಿದದ್ದು ಪಾಸು, ಫೇಲು ಎರಡೇ. 1966ರಲ್ಲಿ ರಾಜ್ಯಕ್ಕೆ ಪ್ರೌಢಶಿಕ್ಷಣ ಪರೀಕ್ಷಾ ಮಂಡಳಿ ಬಂತು. ಶಾಲೆಗಳು ಮಂಡಳಿಯ ಫಲಿತಾಂಶದಿಂದಲೇ ಹೆಸರು ಗಳಿಸುವ, ಕಳೆದುಕೊಳ್ಳುವ ಕಾಲ ಶುರುವಾಯಿತು.

ಫಲಿತಾಂಶವೇ ಮಾನವಾದ ಮೇಲೆ ಅಂಕವಹಿಗೆ ಬೇರೆ ಕೆಲಸ ಸಿಕ್ಕಿತು. ನಾವು ಹೈಸ್ಕೂಲಿನಲ್ಲಿದ್ದದ್ದು 2000ದ ದಶಕದಲ್ಲಿ. ಒಂಬತ್ತನೇ ತರಗತಿಯ ಕೊನೆಯಲ್ಲಿ ವಹಿ ತೆರೆದರೆಂದರೆ ಸೋಸುವುದಕ್ಕೆ ಎಂದೇ ಅರ್ಥ. ಹತ್ತಕ್ಕೆ ಹೋದರೆ ಶಾಲೆಯ ಶೇಕಡಾವಾರು ಇಳಿಸಬಲ್ಲವರು ಯಾರು ಎಂದು ಗುರುತಿಸುತ್ತಿದ್ದರು. ಅವರನ್ನು ಒಂಬತ್ತರಲ್ಲೇ ಕೂರಿಸುವುದು, ಇಲ್ಲವೇ 'ಟಿಸಿ ತಗೊಂಡು ಹೋಗಪ್ಪ, ಪ್ರೈವೇಟಾಗಿ ಕಟ್ಟು' ಎನ್ನುವುದು. ನಮ್ಮ ಜೊತೆ ಬೆಂಚಿನಲ್ಲಿದ್ದ ಕೆಲವರು ಹಾಗೇ ಹೋದರು. ಒಬ್ಬ ರೀಲಿಂಗ್ ಘಟಕಕ್ಕೆ, ಇನ್ನೊಬ್ಬ ಬಿಡದಿ ಕಡೆ ಗಾರ್ಡ್ ಕೆಲಸಕ್ಕೆ. ಹುಡುಗಿಯರಿಗಾದರೆ ಮನೆಯಲ್ಲಿ ಗಂಡು ನೋಡುವ ಮಾತು ಶುರುವಾಗುತ್ತಿತ್ತು. ಆ ಮಕ್ಕಳಿಗೆ ಸಹಾಯ ಬೇಕೆಂದು ಹೇಳುತ್ತಿದ್ದ ಅಂಕಿಗಳೇ ಅವರನ್ನು ಆಚೆ ಕಳಿಸಿದವು. ವಹಿ ಸುಳ್ಳು ಹೇಳಿರಲಿಲ್ಲ. ಅದನ್ನು ಓದಿದವರ ಕಣ್ಣು ಶಾಲೆಯ ಬೋರ್ಡಿನ ಮೇಲಿತ್ತು.

ಅದೇ ಹೊತ್ತಿನಲ್ಲಿ ಸರ್ಕಾರ ಇನ್ನೊಂದು ದಾರಿ ಹಿಡಿಯಲು ನೋಡಿತು. 2005-06ರಲ್ಲಿ ಕರ್ನಾಟಕ ಶಾಲಾ ಗುಣಮಟ್ಟ ಮೌಲ್ಯಾಂಕನ ಸಂಸ್ಥೆ ಬಂತು. 2, 5, 7ನೇ ತರಗತಿ ಮಕ್ಕಳಿಗೆ ಪರೀಕ್ಷೆ ಕೊಟ್ಟು, ಯಾವ ಕಲಿಕೆ ಎಲ್ಲಿ ಸೋತಿದೆ ಎಂದು ನೋಡಿದರು. ಮಗುವನ್ನು ಫೇಲು ಮಾಡಲು ಅಲ್ಲ, ಶಾಲೆ ತನ್ನನ್ನು ತಾನು ನೋಡಿಕೊಳ್ಳಲು. ಆಮೇಲೆ 2010ರಿಂದ ಶಿಕ್ಷಣ ಹಕ್ಕು ಕಾಯ್ದೆ ಜಾರಿಗೆ ಬಂದು ಎಂಟರವರೆಗೆ ಯಾರನ್ನೂ ಫೇಲು ಮಾಡುವಂತಿಲ್ಲ ಎಂದಾಯಿತು. ಒಳ್ಳೆಯದೇ. ಆದರೆ ಐದನೇ ತರಗತಿಯಲ್ಲಿ ಭಾಗಾಕಾರ ಬಾರದ ಮಗು ಒಂಬತ್ತಕ್ಕೆ ಬಂದು ನಿಂತಾಗ, ಅಷ್ಟು ವರ್ಷದ ಬಾಕಿಯೆಲ್ಲ ಒಬ್ಬ ಗಣಿತ ಮೇಷ್ಟ್ರ ತಲೆಗೆ ಬಿತ್ತು.

ಈಗ ಪ್ರತಿ ಮಗುವಿಗೂ ಸ್ಯಾಟ್ಸ್ ಸಂಖ್ಯೆ ಇದೆ. ವಿದ್ಯಾರ್ಥಿ ಸಾಧನೆಯ ಜಾಡು ಹಿಡಿಯುವ ವ್ಯವಸ್ಥೆ ಎಂಬುದು ಅದರ ಅರ್ಥ. ಎಫ್‌ಎ ಎಂಬ ನಾಲ್ಕು ರೂಪಣಾತ್ಮಕ, ಎಸ್‌ಎ ಎಂಬ ಎರಡು ಸಂಕಲನಾತ್ಮಕ ಮೌಲ್ಯಮಾಪನಗಳ ಅಂಕವನ್ನು ಶಿಕ್ಷಕರು ಕಂಪ್ಯೂಟರಿಗೆ ಏರಿಸುತ್ತಾರೆ. ಮಗು ಶಾಲೆ ಬದಲಿಸಿದರೂ ಸಂಖ್ಯೆ ಜೊತೆಗೇ ಹೋಗುತ್ತದೆ. 1911ರ ಆ ಪುಸ್ತಕವೇ ಬೇರೆ ರೂಪದಲ್ಲಿ ವಾಪಸ್ ಬಂದಂತೆ.

ಆದರೆ ಏರಿಸುವುದು ಒಂದು, ಓದುವುದು ಇನ್ನೊಂದು. ಎಸ್ಸೆಸ್ಸೆಲ್ಸಿಯಲ್ಲಿ ಹೆಚ್ಚಿನ ವಿಷಯಗಳಿಗೆ 20 ಆಂತರಿಕ ಅಂಕ ಶಾಲೆಯ ಕೈಯಲ್ಲಿದೆ. ತರಗತಿಯ ಎಲ್ಲರಿಗೂ 18, 19 ಬಿದ್ದರೆ ಆ ಸಾಲಿನಲ್ಲಿ ಓದಲು ಏನಿದೆ? ಉದಾರ ಕೈ ಎಂದು ನಾವು ಖುಷಿಪಡುತ್ತೇವೆ. ಹಿಂದುಳಿದ ಮಗು ಯಾವುದು ಎಂಬುದೇ ಆ ಉದಾರತೆಯಲ್ಲಿ ಮುಚ್ಚಿಹೋಗುತ್ತದೆ.

ಮುಚ್ಚಿದ್ದು ತೆರೆದುಕೊಂಡದ್ದು 2024ರಲ್ಲಿ. ಕೋವಿಡ್ ವರ್ಷವಾದ 2021ರಲ್ಲಿ 99.99, 2022ರಲ್ಲಿ 85.63, 2023ರಲ್ಲಿ 83.89 ಇದ್ದ ಫಲಿತಾಂಶ, ಪರೀಕ್ಷಾ ಕೊಠಡಿಗಳಿಗೆ ಕ್ಯಾಮೆರಾ, ವೆಬ್‌ಕಾಸ್ಟಿಂಗ್ ಬಂದ ವರ್ಷ ಶೇ 73.40ಕ್ಕೆ ಇಳಿಯಿತು. ಅದೂ ಕೃಪಾಂಕವನ್ನು ಶೇ 10ರಿಂದ 20ಕ್ಕೆ ಏರಿಸಿದ ಮೇಲೆ. ಏರಿಸಿದ ಆ ಕೃಪಾಂಕವನ್ನು ಕೈಬಿಟ್ಟ 2025ರಲ್ಲಿ ಮೊದಲ ಪರೀಕ್ಷೆಯ ಫಲಿತಾಂಶ ಶೇ 66.14. ಮಕ್ಕಳು ಒಂದೇ ವರ್ಷದಲ್ಲಿ ದಡ್ಡರಾದರೇ? ಇಲ್ಲ. ಬಾಕಿ ಮೊದಲೇ ಇತ್ತು, ಲೆಕ್ಕಕ್ಕೆ ಬಂದದ್ದು ಆಗ.

ಅಮೆರಿಕದ ಶಿಕಾಗೋ ನಗರದ್ದೊಂದು ಅನುಭವ ಇಲ್ಲಿ ಹೇಳಬೇಕು. 2005ರಲ್ಲಿ ಅಲ್ಲಿನ ವಿಶ್ವವಿದ್ಯಾಲಯದ ಸಂಶೋಧಕರು ಒಂಬತ್ತನೇ ತರಗತಿ ಮಕ್ಕಳ ಅಂಕಗಳನ್ನು ಕೂತು ನೋಡಿದರು. ಆ ಒಂದು ವರ್ಷ ಹಳಿ ತಪ್ಪದ ಮಕ್ಕಳು, ತಪ್ಪಿದವರಿಗಿಂತ ಮೂರೂವರೆ ಪಟ್ಟು ಹೆಚ್ಚು ಹೈಸ್ಕೂಲ್ ಮುಗಿಸುತ್ತಿದ್ದರು. ಹಿಂದಿನ ತರಗತಿಗಳ ಪರೀಕ್ಷಾ ಅಂಕಕ್ಕಿಂತ ಈ ಲೆಕ್ಕವೇ ಹೆಚ್ಚು ಸರಿಯಾಗಿ ಮುಂದಿನದನ್ನು ತೋರಿಸಿತು. ಆಮೇಲೆ ಶಾಲೆಗಳಿಗೆ ಹೆಸರು ಹೆಸರಾಗಿ ಪಟ್ಟಿ ಹೋಗತೊಡಗಿತು. ನಮ್ಮಲ್ಲಿ ಸೋಸಿದ ಅದೇ ಒಂಬತ್ತನೇ ತರಗತಿಯಲ್ಲಿ ಅವರು ಕೈ ಹಿಡಿಯಲು ಹೊರಟರು.

ನಮ್ಮ ಶಾಲೆಗಳಲ್ಲಿ ಪಟ್ಟಿ ಇಲ್ಲವೆಂದಲ್ಲ. ಪೂರ್ವಸಿದ್ಧತಾ ಪರೀಕ್ಷೆ ಮುಗಿದ ಮೇಲೆ 'ನಿಧಾನಗತಿ ಕಲಿಕೆಯವರು' ಎಂದು ಬೇರೆ ಕೂರಿಸಿ, ಪಾಸಿಂಗ್ ಪ್ಯಾಕೇಜ್ ಕೊಟ್ಟು, ಸಂಜೆ ವಿಶೇಷ ತರಗತಿ ನಡೆಸುತ್ತಾರೆ. ಶಿಕ್ಷಕರು ನಾಲ್ಕೈದು ಮಕ್ಕಳನ್ನು ದತ್ತು ತೆಗೆದುಕೊಳ್ಳುತ್ತಾರೆ, ಬೆಳಗಿನ ಜಾವ ಫೋನ್ ಮಾಡಿ ಎಬ್ಬಿಸುವ ಮೇಷ್ಟ್ರೂ ಇದ್ದಾರೆ. ಅವರ ಶ್ರಮಕ್ಕೆ ಎರಡು ಮಾತಿಲ್ಲ. ಆದರೆ ಅಷ್ಟರಲ್ಲಿ ಫೆಬ್ರುವರಿ ಬಂದಿರುತ್ತದೆ. ಉಳಿದಿರುವ ದಿನಗಳಲ್ಲಿ ಭಾಗಾಕಾರ ಕಲಿಸಲಾಗದು. ನಕ್ಷೆ ಬಿಡಿಸುವುದು, ಪದ್ಯ ಬಾಯಿಪಾಠ, ಪತ್ರ ಬರೆಯುವುದು, ಇಷ್ಟನ್ನು ಹೇಳಿಕೊಟ್ಟು ಪಾಸಿನ ಗೆರೆ ದಾಟಿಸಲು ನೋಡಬೇಕು.

ಇನ್ನೊಂದು ಮಾತು. ವಹಿಯಲ್ಲಿ ಅಂಕ ಮಾತ್ರ ಇರುತ್ತದೆ, ಕಾರಣ ಇರುವುದಿಲ್ಲ. ರೇಷ್ಮೆ ಹುಳ ಹಣ್ಣಾಗುವ ವಾರ ಮನೆಯಲ್ಲಿ ಎಷ್ಟು ಕೈ ಇದ್ದರೂ ಸಾಲದು ಎಂದು ನಮಗೆಲ್ಲ ಗೊತ್ತು. ಆ ವಾರ ಸೊಪ್ಪು ತರಲು, ಚಂದ್ರಿಕೆಗೆ ಹುಳ ಬಿಡಲು ನಿಂತ ಹುಡುಗಿಯ ವಿಜ್ಞಾನದ ಅಂಕ ಇಳಿದರೆ ಅದು ದಡ್ಡತನವಲ್ಲ. ಹಾಜರಿ ಪುಸ್ತಕವನ್ನೂ ಅಂಕವಹಿಯನ್ನೂ ಪಕ್ಕ ಪಕ್ಕ ಇಟ್ಟರೆ ಮಾತ್ರ ಅದು ಕಾಣುತ್ತದೆ. ಅದು ಶಾಲೆಯೊಂದರ ಕೆಲಸವಲ್ಲ, ಎಸ್‌ಡಿಎಂಸಿಯಲ್ಲಿ ಕೂರುವ ನಮ್ಮ ಊರಿನವರದ್ದೂ ಹೌದು. ಪೋಷಕರ ಸಭೆಗೆ ಹೋದಾಗ 'ನಮ್ಮ ಹುಡುಗ ಹೇಗಿದಾನೆ ಸಾರ್' ಎಂದು ಕೇಳಿದರೆ 'ಪರವಾಗಿಲ್ಲ' ಎಂಬ ಉತ್ತರ ಬರುತ್ತದೆ. 'ಎಫ್‌ಎ ಒಂದರಲ್ಲಿ ಗಣಿತ ಎಷ್ಟು, ಎರಡರಲ್ಲಿ ಎಷ್ಟು, ಎಷ್ಟು ದಿನ ಬಂದಿಲ್ಲ' ಎಂದು ಕೇಳಿದರೆ ವಹಿ ತೆರೆಯಲೇಬೇಕಾಗುತ್ತದೆ.

ಮೊದಲ ಎಫ್‌ಎ ಅಂಕ ಆಗಸ್ಟ್ ಹೊತ್ತಿಗೆ ವಹಿಯಲ್ಲಿ ಇರುತ್ತದೆ. ಅಲ್ಲಿಂದ ಮಾರ್ಚಿಗೆ ಏಳು ತಿಂಗಳು.