ಡೆಸ್ಕ್‌ಟಾಪಿನ ಮೇಲೆ ಕೆಲಸಗಳ ಪಟ್ಟಿ

ಗಣಕಯಂತ್ರದ ಪರದೆಯ ಮೇಲೆ ಸದಾ ಕಾಣುವಂತೆ ಇರಿಸಬಹುದಾದ ಪುಟ್ಟ ತಂತ್ರಾಂಶಕ್ಕೆ ‘ವಿಜೆಟ್’ ಎಂದು ಹೆಸರು. ಗಡಿಯಾರ, ಹವಾಮಾನಗಳಂತೆ ಮಾಡಬೇಕಾದ ಕೆಲಸಗಳ ಪಟ್ಟಿಯನ್ನೂ ಇದು ತೋರಿಸಬಲ್ಲದು.

2003ರಲ್ಲಿ ಮ್ಯಾಕ್ ಗಣಕಗಳಿಗಾಗಿ ಬಂದ ‘ಕಾನ್‌ಫ್ಯಾಬ್ಯುಲೇಟರ್’ ವಿಜೆಟ್‌ಗಳನ್ನು ಜನಪ್ರಿಯಗೊಳಿಸಿತು. 2005ರಲ್ಲಿ ಅದನ್ನು ಯಾಹೂ ಕೊಂಡುಕೊಂಡಿತು. ಅದೇ ವರ್ಷ ಆಪಲ್ ‘ಡ್ಯಾಶ್‌ಬೋರ್ಡ್’ ಅನ್ನೂ, 2007ರಲ್ಲಿ ಮೈಕ್ರೋಸಾಫ್ಟ್ ವಿಸ್ತಾದೊಡನೆ ‘ಗ್ಯಾಜೆಟ್’ಗಳನ್ನೂ ನೀಡಿದವು. ಇವುಗಳಲ್ಲಿ ಯಾವುದೂ ಉಳಿಯಲಿಲ್ಲ. ಭದ್ರತಾ ದೋಷಗಳಿಂದಾಗಿ 2012ರಲ್ಲಿ ಮೈಕ್ರೋಸಾಫ್ಟ್ ಗ್ಯಾಜೆಟ್‌ಗಳನ್ನು ಕೈಬಿಟ್ಟಿತು. 2019ರಲ್ಲಿ ಡ್ಯಾಶ್‌ಬೋರ್ಡ್ ಮರೆಯಾಯಿತು. ಆದುದರಿಂದ ವಿಜೆಟ್ ಹೋದರೂ ಉಳಿಯುವಂತಹ ಸರಳ ಕಡತದಲ್ಲಿ ಪಟ್ಟಿಯನ್ನು ಇರಿಸುವುದು ಲೇಸು.

ವಿಂಡೋಸ್ ಬಳಸುವವರಿಗೆ ‘ರೇನ್‌ಮೀಟರ್’ ಎಂಬ ಉಚಿತ, ಮುಕ್ತ ತಂತ್ರಾಂಶ ಇದಕ್ಕೆ ಅನುಕೂಲ. ಇದರ ವಿಜೆಟ್‌ಗಳಿಗೆ ‘ಸ್ಕಿನ್’ ಎನ್ನುತ್ತಾರೆ. ಪ್ರತಿ ಸ್ಕಿನ್ನೂ ನೋಟ್‌ಪ್ಯಾಡಿನಲ್ಲಿ ತೆರೆಯಬಹುದಾದ ಪಠ್ಯಕಡತ. ಬಣ್ಣ, ಗಾತ್ರ, ಬರಹಗಳನ್ನು ಅಲ್ಲಿಯೇ ಬದಲಿಸಬಹುದು. “ವಿದ್ಯುತ್ ಬಿಲ್ಲು ಕಟ್ಟುವುದು”, “ಇಗತಪುರಿಗೆ ರೈಲು ಟಿಕೇಟು ಕಾದಿರಿಸುವುದು” ಎಂದು ಕನ್ನಡದಲ್ಲಿಯೇ ಬರೆಯುವುದಾದರೆ ಯೂನಿಕೋಡಿನಲ್ಲಿ ಟೈಪಿಸಿ, ಕಡತವನ್ನು ಯುಟಿಎಫ್-16 ಎಲ್‌ಇ ಸಂಕೇತದಲ್ಲಿ ಉಳಿಸಬೇಕು. ಅಕ್ಷರಶೈಲಿಯಾಗಿ ‘ನಿರ್ಮಲಾ ಯುಐ’ ಸೂಚಿಸಬೇಕು. ಇಲ್ಲವಾದರೆ ಅಕ್ಷರಗಳ ಬದಲು ಅರ್ಥವಿಲ್ಲದ ಚಿಹ್ನೆಗಳು ಮೂಡಬಹುದು. ತಿದ್ದಿದ ಬಳಿಕ ಸ್ಕಿನ್ನಿನ ಮೇಲೆ ಮೌಸಿನ ಬಲಗುಂಡಿ ಒತ್ತಿ ‘ರಿಫ್ರೆಶ್’ ಮಾಡಿದರೆ ಹೊಸ ಪಟ್ಟಿ ಕಾಣುತ್ತದೆ.

ಮ್ಯಾಕ್ ಬಳಸುವವರು 2023ರ ಸೊನೋಮಾ ಆವೃತ್ತಿಯಿಂದೀಚೆಗೆ ‘ರಿಮೈಂಡರ್ಸ್’ ವಿಜೆಟ್ಟನ್ನು ಡೆಸ್ಕ್‌ಟಾಪಿನ ಮೇಲಿರಿಸಿ, ಮುಗಿದ ಕೆಲಸಕ್ಕೆ ಅಲ್ಲಿಯೇ ಗುರುತು ಹಾಕಬಹುದು.

ಮನೆಮಂದಿಯೆಲ್ಲ ಬಳಸುವ ಗಣಕವಾದರೆ ಬ್ಯಾಂಕಿನ ಗುಪ್ತಪದಗಳನ್ನು ಇಂತಹ ಪಟ್ಟಿಯಲ್ಲಿ ಬರೆದಿಡಬಾರದು.