ಭಾರತದಲ್ಲಿ ಬಳಸಿದ ಕಾರಿನ ಖರೀದಿ

ಬಳಸಿದ ಕಾರು ಅಥವಾ ಸೆಕೆಂಡ್ ಹ್ಯಾಂಡ್ ಕಾರು ಎಂದರೆ ಒಬ್ಬ ಅಥವಾ ಅದಕ್ಕಿಂತ ಹೆಚ್ಚು ಮಾಲೀಕರ ಹೆಸರಿನಲ್ಲಿ ಈಗಾಗಲೇ ನೋಂದಣಿಯಾಗಿ, ಮರುಮಾರಾಟಕ್ಕೆ ಬಂದಿರುವ ಕಾರು. ಹೊಸ ಕಾರಿನ ಬೆಲೆಯನ್ನು ಭರಿಸಲಾಗದ ಅಥವಾ ಅದೇ ಹಣದಲ್ಲಿ ಹೆಚ್ಚು ಆಸನಗಳ ವಾಹನವನ್ನು ಬಯಸುವ ಕುಟುಂಬಗಳು ಇದನ್ನು ಆರಿಸಿಕೊಳ್ಳುತ್ತವೆ. ಹೊಸ ಕಾರಿಗೆ ತಯಾರಕರ ವಾರಂಟಿ ಇರುತ್ತದೆ. ಬಳಸಿದ ಕಾರಿನ ಗುಣವು ಅದನ್ನು ಹಿಂದಿನ ಮಾಲೀಕರು ಹೇಗೆ ಓಡಿಸಿದರು, ಹೇಗೆ ನೋಡಿಕೊಂಡರು ಎಂಬುದನ್ನು ಅವಲಂಬಿಸಿರುತ್ತದೆ. ಆದ್ದರಿಂದ ಆಯ್ಕೆಯ ಸಂದರ್ಭದಲ್ಲಿ ಕುಟುಂಬದ ಅಗತ್ಯ, ವಾಹನದ ಸ್ಥಿತಿ ಮತ್ತು ಅದರ ದಾಖಲೆಗಳು ಎಂಬ ಮೂರು ಅಂಶಗಳನ್ನೂ ಪರಿಶೀಲಿಸಬೇಕಾಗುತ್ತದೆ.

ಭಾರತದಲ್ಲಿ ಈ ವ್ಯವಹಾರಕ್ಕೆ ಮೋಟಾರು ವಾಹನಗಳ ಕಾಯ್ದೆ, 1988 ಹಾಗೂ ಕೇಂದ್ರ ಮೋಟಾರು ವಾಹನಗಳ ನಿಯಮಗಳು, 1989 ಅನ್ವಯಿಸುತ್ತವೆ. ಹಣ ಸಂದಾಯವಾಗಿ ಕಾರು ಕೈಬದಲಾದರೂ, ನೋಂದಣಿ ದಾಖಲೆಯಲ್ಲಿ ಹೆಸರು ಬದಲಾಗುವವರೆಗೆ ಈ ಕಾಯ್ದೆಯ ದೃಷ್ಟಿಯಲ್ಲಿ ಹಿಂದಿನವರೇ ಮಾಲೀಕರು.

ಹಿನ್ನೆಲೆ

1980ರ ದಶಕದ ಆರಂಭದವರೆಗೆ ಭಾರತದಲ್ಲಿ ಅಂಬಾಸಿಡರ್, ಪ್ರೀಮಿಯರ್ ಪದ್ಮಿನಿ ಮೊದಲಾದ ಕೆಲವೇ ಮಾದರಿಯ ಕಾರುಗಳು ತಯಾರಾಗುತ್ತಿದ್ದವು. ಹೊಸ ಕಾರಿಗೆ ಹೆಸರು ನೋಂದಾಯಿಸಿ ವರ್ಷಗಟ್ಟಲೆ ಕಾಯಬೇಕಾಗಿದ್ದುದರಿಂದ ಹಳೆಯ ಕಾರುಗಳಿಗೂ ಒಳ್ಳೆಯ ಬೆಲೆ ಇತ್ತು. 1983ರ ಡಿಸೆಂಬರ್‌ನಲ್ಲಿ ಮಾರುತಿ 800 ಮಾರುಕಟ್ಟೆಗೆ ಬಂದಿತು. 1991ರ ಆರ್ಥಿಕ ಉದಾರೀಕರಣದ ಬಳಿಕ ವಿದೇಶಿ ಸಂಸ್ಥೆಗಳ ಕಾರುಗಳೂ ದೊರೆಯತೊಡಗಿ, ಮಧ್ಯಮ ವರ್ಗದ ಮನೆಗಳಿಗೆ ಕಾರು ಹತ್ತಿರವಾಯಿತು. ಅಲ್ಲಿಯವರೆಗೆ ಪರಿಚಿತರು, ಮೆಕ್ಯಾನಿಕ್‌ಗಳು ಮತ್ತು ದಲ್ಲಾಳಿಗಳ ಮೂಲಕ ನಡೆಯುತ್ತಿದ್ದ ಮರುಮಾರಾಟಕ್ಕೆ ತಯಾರಿಕಾ ಸಂಸ್ಥೆಗಳೂ ಇಳಿದವು. ಮಾರುತಿ ಸಂಸ್ಥೆಯು 2001ರಲ್ಲಿ ಆರಂಭಿಸಿದ ‘ಟ್ರೂ ವ್ಯಾಲ್ಯೂ’ ಮಳಿಗೆಗಳು ಇದಕ್ಕೆ ಒಂದು ಉದಾಹರಣೆ.

ಮಾಹಿತಿಯ ಅಸಮತೆ

ಬಳಸಿದ ಕಾರಿನ ಮಾರುಕಟ್ಟೆಯು ಅರ್ಥಶಾಸ್ತ್ರದಲ್ಲಿ ಒಂದು ಪ್ರಸಿದ್ಧ ಉದಾಹರಣೆಯಾಗಿದೆ. ಅಮೆರಿಕದ ಅರ್ಥಶಾಸ್ತ್ರಜ್ಞ ಜಾರ್ಜ್ ಅಕೆರ್ಲಾಫ್ 1970ರಲ್ಲಿ ಪ್ರಕಟಿಸಿದ ಪ್ರಬಂಧವೊಂದರಲ್ಲಿ, ಕಾರಿನ ದೋಷಗಳು ಮಾರುವವರಿಗೆ ತಿಳಿದಿದ್ದು ಕೊಳ್ಳುವವರಿಗೆ ತಿಳಿಯದಿದ್ದಾಗ ಏನಾಗುತ್ತದೆಂಬುದನ್ನು ವಿವರಿಸಿದರು. ಒಳ್ಳೆಯದು ಯಾವುದು, ಕೆಟ್ಟದ್ದು ಯಾವುದು ಎಂದು ಗುರುತಿಸಲಾಗದ ಗ್ರಾಹಕನು ಸರಾಸರಿ ಬೆಲೆಯನ್ನಷ್ಟೇ ಕೊಡಲು ಸಿದ್ಧನಾಗುತ್ತಾನೆ. ಆ ಬೆಲೆಗೆ ಒಳ್ಳೆಯ ಕಾರಿನ ಮಾಲೀಕರು ಮಾರಲು ಒಪ್ಪುವುದಿಲ್ಲ. ಹೀಗೆ ಮಾರುಕಟ್ಟೆಯಲ್ಲಿ ಕೆಟ್ಟ ಕಾರುಗಳ ಪ್ರಮಾಣ ಹೆಚ್ಚುತ್ತದೆ. ಮಾಹಿತಿಯ ಅಸಮತೆಯನ್ನು ಕುರಿತ ಅಧ್ಯಯನಕ್ಕಾಗಿ ಅಕೆರ್ಲಾಫ್ ಅವರಿಗೆ ಮೈಕೆಲ್ ಸ್ಪೆನ್ಸ್ ಮತ್ತು ಜೋಸೆಫ್ ಸ್ಟಿಗ್ಲಿಟ್ಜ್ ಅವರೊಡನೆ 2001ರ ಅರ್ಥಶಾಸ್ತ್ರದ ನೊಬೆಲ್ ಪ್ರಶಸ್ತಿ ದೊರೆಯಿತು. ಸರ್ವಿಸ್ ದಾಖಲೆ, ಮೆಕ್ಯಾನಿಕ್‌ನ ತಪಾಸಣೆ, ಮಾರಾಟಗಾರರ ವಾರಂಟಿ ಇವೆಲ್ಲವೂ ಈ ಅಸಮತೆಯನ್ನು ಕಡಿಮೆ ಮಾಡುವ ಉಪಾಯಗಳು.

ಕುಟುಂಬದ ಅಗತ್ಯ

ಕಾರಿನ ಮಾದರಿಯನ್ನು ನಿರ್ಧರಿಸುವ ಮೊದಲು ಅದರಲ್ಲಿ ನಿತ್ಯ ಪ್ರಯಾಣಿಸುವವರು ಯಾರು, ಎಷ್ಟು ದೂರ ಎಂಬುದನ್ನು ಗಮನಿಸಬೇಕು.

ಆಸನ ಮತ್ತು ಎತ್ತರ: ಮಂಡಿನೋವಿರುವ ಹಿರಿಯರಿಗೆ ತಗ್ಗಾದ ಸೆಡಾನ್‌ಗಿಂತ ವ್ಯಾಗನ್ ಆರ್‌ನಂತಹ ಎತ್ತರದ ಕಾರನ್ನು ಹತ್ತಿ ಇಳಿಯುವುದು ಸುಲಭ. ಎರ್ಟಿಗಾ, ಇನ್ನೋವಾಗಳಂತಹ ಮೂರು ಸಾಲಿನ ಕಾರುಗಳಲ್ಲಿ ಎಲ್ಲ ಆಸನಗಳೂ ತುಂಬಿದಾಗ ಡಿಕ್ಕಿಯಲ್ಲಿ ಸಾಮಾನಿಗೆ ಉಳಿಯುವ ಜಾಗ ಕಡಿಮೆ. ವರ್ಷಕ್ಕೆ ಒಂದೆರಡು ಬಾರಿ ಮಾತ್ರ ಏಳು ಜನ ಪ್ರಯಾಣಿಸುವ ಮನೆಗೆ ಐದು ಆಸನಗಳ ಕಾರೇ ಸಾಕಾಗಬಹುದು.

ಇಂಧನ: ದಿನಕ್ಕೆ ಕೆಲವೇ ಕಿಲೋಮೀಟರ್ ಓಡುವ ಕಾರಿಗೆ ಪೆಟ್ರೋಲ್ ಎಂಜಿನ್ ಸೂಕ್ತ. 2020ರ ಏಪ್ರಿಲ್ 1ರಿಂದ ದೇಶದಾದ್ಯಂತ ಜಾರಿಗೆ ಬಂದ ಬಿಎಸ್-6 ಮಾನದಂಡದ ಡೀಸೆಲ್ ಕಾರುಗಳಲ್ಲಿ ಮಸಿಯನ್ನು ಹಿಡಿಯುವ ಸೋಸುಕವಿರುತ್ತದೆ. ಅದು ಸ್ವಚ್ಛವಾಗಲು ಕಾರು ಆಗಾಗ ದೀರ್ಘವಾಗಿ, ಸಮವೇಗದಲ್ಲಿ ಓಡಬೇಕು. ನಗರದ ಅಲ್ಪದೂರದ ಓಡಾಟದಿಂದಲೇ ಅದು ಕಟ್ಟಿಕೊಳ್ಳುತ್ತದೆ. ಸಿಎನ್‌ಜಿ ಕಿಟ್ಟನ್ನು ಅನಂತರ ಅಳವಡಿಸಿದ್ದರೆ ಅದು ನೋಂದಣಿ ಪತ್ರದಲ್ಲಿ ದಾಖಲಾಗಿರಬೇಕು. ಶೇಕಡ 20ರಷ್ಟು ಎಥೆನಾಲ್ ಬೆರೆತ ಪೆಟ್ರೋಲ್ ಈಗ ವ್ಯಾಪಕವಾಗಿ ಮಾರಾಟವಾಗುತ್ತಿರುವುದರಿಂದ, 2023ಕ್ಕಿಂತ ಹಳೆಯ ಕಾರುಗಳ ಕೈಪಿಡಿಯಲ್ಲಿ ಈ ಕುರಿತು ಏನಿದೆಯೆಂದು ನೋಡುವುದು ಒಳಿತು.

ಸುರಕ್ಷತೆ: 2019ರ ಜುಲೈ 1ರಿಂದ ಹೊಸ ಕಾರುಗಳಲ್ಲಿ ಚಾಲಕನ ಏರ್‌ಬ್ಯಾಗ್, ಮುಂಬದಿಯ ಎರಡೂ ಆಸನಗಳಿಗೆ ಸೀಟ್ ಬೆಲ್ಟ್ ನೆನಪಿಸುವ ವ್ಯವಸ್ಥೆ, ವೇಗದ ಎಚ್ಚರಿಕೆ ಮತ್ತು ಹಿಂಬದಿಯ ಪಾರ್ಕಿಂಗ್ ಸೆನ್ಸರ್ ಕಡ್ಡಾಯವಾದವು. ಚಾಲಕನ ಪಕ್ಕದ ಆಸನದ ಏರ್‌ಬ್ಯಾಗ್ ಎಲ್ಲ ಹೊಸ ಕಾರುಗಳಿಗೂ ಕಡ್ಡಾಯವಾದುದು 2022ರ ಆರಂಭದಿಂದ. ಒಂದೇ ಮಾದರಿಯ ಎರಡು ಕಾರುಗಳ ನಡುವೆ ಒಂದೆರಡು ವರ್ಷದ ವ್ಯತ್ಯಾಸವಿದ್ದರೂ ಸುರಕ್ಷತೆಯಲ್ಲಿ ಅಂತರವಿರಬಹುದು. ಹಿಂಬದಿಯ ಸೀಟ್ ಬೆಲ್ಟ್‌ಗಳು ಎಲ್ಲ ಆಸನಗಳಲ್ಲೂ ಇವೆಯೇ, ಸರಾಗವಾಗಿ ಎಳೆಯಲು ಬರುತ್ತವೆಯೇ ಎಂಬುದನ್ನು ಮಕ್ಕಳಿರುವ ಮನೆಯವರು ಮುಖ್ಯವಾಗಿ ನೋಡಬೇಕು.

ಬೆಲೆಯ ನಿರ್ಣಯ

ಕಾರಿನ ಬೆಲೆ ಮೊದಲ ಕೆಲವು ವರ್ಷಗಳಲ್ಲಿ ವೇಗವಾಗಿ ಇಳಿಯುತ್ತದೆ. ವಾಹನ ವಿಮೆಯಲ್ಲಿ ಕಾರಿನ ಘೋಷಿತ ಮೌಲ್ಯವನ್ನು ಲೆಕ್ಕಹಾಕಲು ಬಳಸುವ ಸವಕಳಿಯ ದರ ಹೀಗಿದೆ:

- ಆರು ತಿಂಗಳವರೆಗೆ: ಶೇಕಡ 5
- ಆರು ತಿಂಗಳಿಂದ 1 ವರ್ಷ: ಶೇಕಡ 15
- 1ರಿಂದ 2 ವರ್ಷ: ಶೇಕಡ 20
- 2ರಿಂದ 3 ವರ್ಷ: ಶೇಕಡ 30
- 3ರಿಂದ 4 ವರ್ಷ: ಶೇಕಡ 40
- 4ರಿಂದ 5 ವರ್ಷ: ಶೇಕಡ 50

ಇದರಂತೆ ತಯಾರಕರ ಪಟ್ಟಿಯಲ್ಲಿ 6 ಲಕ್ಷ ರೂಪಾಯಿ ಬೆಲೆಯಿರುವ ಕಾರಿಗೆ ನಾಲ್ಕೂವರೆ ವರ್ಷವಾದಾಗ ಘೋಷಿತ ಮೌಲ್ಯ 3 ಲಕ್ಷ ರೂಪಾಯಿ. ಐದು ವರ್ಷ ದಾಟಿದ ಕಾರಿನ ಮೌಲ್ಯವನ್ನು ವಿಮಾ ಸಂಸ್ಥೆ ಮತ್ತು ಮಾಲೀಕರು ಒಪ್ಪಿ ನಿರ್ಧರಿಸುತ್ತಾರೆ. ಬೇಡಿಕೆಯಿರುವ ಮಾದರಿಗಳ ಮಾರುಕಟ್ಟೆ ಬೆಲೆ ಈ ಲೆಕ್ಕಕ್ಕಿಂತ ಹೆಚ್ಚಾಗಿರಬಹುದು. ಆದರೂ ಚೌಕಾಶಿಗೆ ಇದೊಂದು ಆಧಾರ.

ಕಾರಿನ ಬೆಲೆಯಲ್ಲದೆ ಹೆಸರು ವರ್ಗಾವಣೆ, ವಿಮೆ, ಟಯರ್, ಬ್ಯಾಟರಿ ಹಾಗೂ ಮೊದಲ ಸರ್ವಿಸ್‌ಗೆ ತಗಲುವ ವೆಚ್ಚವನ್ನೂ ಮೊದಲೇ ತೆಗೆದಿರಿಸಬೇಕು. ಕೈಯಲ್ಲಿರುವ ಹಣವನ್ನೆಲ್ಲ ಬೆಲೆಗೇ ಸುರಿದರೆ, ಅಗತ್ಯವಾದ ರಿಪೇರಿಯನ್ನು ಮುಂದೂಡುವ ಪರಿಸ್ಥಿತಿ ಬರುತ್ತದೆ. ಜಿಎಸ್‌ಟಿಗೆ ನೋಂದಾಯಿತರಾದ ವ್ಯಾಪಾರಿಗಳು ಬಳಸಿದ ಕಾರನ್ನು ಮಾರಿದಾಗ, ಅವರ ಲಾಭಾಂಶದ ಮೇಲೆ ಮಾತ್ರ ಶೇಕಡ 18ರಷ್ಟು ತೆರಿಗೆ ಅನ್ವಯಿಸುತ್ತದೆ. ನೋಂದಾಯಿತರಲ್ಲದ ಇಬ್ಬರು ಖಾಸಗಿ ವ್ಯಕ್ತಿಗಳ ನಡುವಿನ ಮಾರಾಟಕ್ಕೆ ಇದು ಅನ್ವಯಿಸುವುದಿಲ್ಲ.

ವಾಹನದ ತಪಾಸಣೆ

ಕಾರನ್ನು ಹಗಲು ಬೆಳಕಿನಲ್ಲಿ, ಮಾರುವವರಿಗೆ ಸಂಬಂಧಪಡದ ಮೆಕ್ಯಾನಿಕ್ ಒಬ್ಬರ ಸಮ್ಮುಖದಲ್ಲಿ ನೋಡುವುದು ಸೂಕ್ತ. ಮುಖ್ಯವಾಗಿ ಗಮನಿಸಬೇಕಾದ ಅಂಶಗಳು ಇವು:

- ಎಂಜಿನ್: ಪೂರ್ಣ ತಣ್ಣಗಿರುವಾಗಲೇ ಚಾಲೂ ಮಾಡಿ ನೋಡಬೇಕು. ಮೊದಲೇ ಬಿಸಿ ಮಾಡಿಟ್ಟಿದ್ದರೆ ಕೆಲವು ದೋಷಗಳು ಮರೆಯಾಗುತ್ತವೆ. ನೀಲಿ ಹೊಗೆಯು ಎಂಜಿನ್ ಆಯಿಲ್ ಉರಿಯುತ್ತಿರುವುದರ ಸೂಚನೆ. ಎಂಜಿನ್ ಬಿಸಿಯಾದ ಮೇಲೂ ನಿಲ್ಲದ ದಟ್ಟ ಬಿಳಿ ಹೊಗೆಯು ಕೂಲೆಂಟ್ ಒಳಗೆ ಸೋರುತ್ತಿರುವುದನ್ನು ಸೂಚಿಸಬಹುದು.
- ಬಾಡಿ: ಬಾಗಿಲು ಮತ್ತು ಬಾನೆಟ್‌ಗಳ ಸಂದುಗಳು ಎರಡೂ ಬದಿಯಲ್ಲಿ ಸಮನಾಗಿರಬೇಕು. ಬಣ್ಣದ ಛಾಯೆಯಲ್ಲಿ ವ್ಯತ್ಯಾಸ ಅಥವಾ ಬೋಲ್ಟುಗಳ ಮೇಲೆ ಸ್ಪ್ಯಾನರ್ ಗುರುತು ಇದ್ದರೆ ಆ ಭಾಗವನ್ನು ಬಿಚ್ಚಿ ದುರಸ್ತಿ ಮಾಡಿರಬಹುದು. ಬಂಪರ್ ಅಥವಾ ಬಾಗಿಲಿನ ಸಣ್ಣ ರಿಪೇರಿ ದೊಡ್ಡ ದೋಷವಲ್ಲ. ಚೌಕಟ್ಟೇ ಬಾಗಿದ್ದ ಕಾರನ್ನು ಕೈಬಿಡುವುದು ಲೇಸು.
- ತುಕ್ಕು: ಕಾರಿನ ಅಡಿಭಾಗ ಮತ್ತು ಡಿಕ್ಕಿಯಲ್ಲಿ ಸ್ಟೆಪ್ನಿ ಇಡುವ ಗುಳಿಯನ್ನು ನೋಡಬೇಕು. ಉಪ್ಪಿನಂಶದ ಗಾಳಿಯಿರುವ ಕರಾವಳಿಯಲ್ಲಿ ಓಡಿದ ಕಾರುಗಳಲ್ಲಿ ಇದು ಹೆಚ್ಚು ಅಗತ್ಯ.
- ಟಯರ್: ಟಯರಿನ ಪಕ್ಕದಲ್ಲಿ ತಯಾರಿಕೆಯ ವಾರ ಮತ್ತು ವರ್ಷವನ್ನು ನಾಲ್ಕು ಅಂಕಿಗಳಲ್ಲಿ ಮುದ್ರಿಸಿರುತ್ತಾರೆ. 2319 ಎಂದರೆ 2019ರ 23ನೆಯ ವಾರ. ಒಂದೇ ಅಂಚು ಸವೆದಿದ್ದರೆ ಚಕ್ರಗಳ ಜೋಡಣೆ ಅಥವಾ ಸಸ್ಪೆನ್ಷನ್ ಸರಿಯಿಲ್ಲದಿರಬಹುದು.
- ಓಡೋಮೀಟರ್: ಓಡಿದ ದೂರದ ಅಂಕಿಯನ್ನು ತಿದ್ದುವುದು ಸಾಮಾನ್ಯವಾದ ವಂಚನೆ. ಕಡಿಮೆ ಓಡಿದ್ದೆಂದು ಹೇಳುವ ಕಾರಿನಲ್ಲಿ ಪೆಡಲ್‌ಗಳ ರಬ್ಬರ್, ಸ್ಟೀರಿಂಗ್ ಮತ್ತು ಚಾಲಕನ ಆಸನ ತೀರಾ ಸವೆದಿದ್ದರೆ ಸಂಶಯಕ್ಕೆ ಕಾರಣವಿದೆ. ಸರ್ವಿಸ್ ಬಿಲ್ಲುಗಳಲ್ಲಿ ನಮೂದಾದ ಕಿಲೋಮೀಟರ್‌ಗಳೊಂದಿಗೆ ಹೋಲಿಸಿದರೆ ನಿಜ ತಿಳಿಯುತ್ತದೆ.
- ಚಾಲನೆ: ನೇರ ರಸ್ತೆಯಲ್ಲಿ ಕಾರು ಒಂದು ಬದಿಗೆ ಎಳೆಯುವುದು, ಬ್ರೇಕ್ ಹಾಕಿದಾಗ ಸ್ಟೀರಿಂಗ್ ನಡುಗುವುದು, ವೇಗ ಹೆಚ್ಚಿಸಿದಾಗ ಕ್ಲಚ್ ಜಾರುವುದು ಇವು ದೋಷದ ಲಕ್ಷಣಗಳು.

ನೆರೆಗೆ ಸಿಲುಕಿದ ಕಾರುಗಳು

2015ರ ಚೆನ್ನೈ ನೆರೆ, 2018ರ ಕೇರಳ ಮತ್ತು ಕೊಡಗಿನ ನೆರೆ, 2019ರ ಉತ್ತರ ಕರ್ನಾಟಕದ ನೆರೆ ಹಾಗೂ 2022ರ ಸೆಪ್ಟೆಂಬರ್‌ನಲ್ಲಿ ಬೆಂಗಳೂರಿನ ಪೂರ್ವ ಭಾಗದ ಬಡಾವಣೆಗಳಿಗೆ ನುಗ್ಗಿದ ನೀರಿನಲ್ಲಿ ಅನೇಕ ಕಾರುಗಳು ಮುಳುಗಿದ್ದವು. ಇಂಥ ಕಾರನ್ನು ತೊಳೆದು ಒಣಗಿಸಿದರೆ ಹೊರನೋಟಕ್ಕೆ ಹೊಸದರಂತೆಯೇ ಕಾಣಬಹುದು. ವೈರಿಂಗ್ ಮತ್ತು ಎಲೆಕ್ಟ್ರಾನಿಕ್ ಭಾಗಗಳ ತೊಂದರೆ ತಿಂಗಳುಗಳ ಬಳಿಕ ತಲೆದೋರುತ್ತದೆ. ಏರ್‌ಬ್ಯಾಗ್‌ನ ವ್ಯವಸ್ಥೆಯೂ ಕೆಟ್ಟಿರಬಹುದಾದ್ದರಿಂದ ಇದು ಜೀವಕ್ಕೆ ಸಂಬಂಧಿಸಿದ ವಿಷಯ. ಮುಗ್ಗಲು ವಾಸನೆ, ನೆಲಹಾಸಿನ ಅಡಿಯಲ್ಲಿ ಕೆಸರು, ಆಸನದ ಹಳಿಗಳ ಮೇಲೆ ತುಕ್ಕು, ಹೆಡ್‌ಲೈಟ್‌ನ ಒಳಗೆ ತೇವದ ಕಲೆ, ಪೂರ್ತಿ ಎಳೆದ ಸೀಟ್ ಬೆಲ್ಟ್‌ನ ತುದಿಯಲ್ಲಿ ಮಣ್ಣಿನ ಗೆರೆ ಇವು ಮುಖ್ಯ ಕುರುಹುಗಳು. ವಿಮಾ ಸಂಸ್ಥೆಯಿಂದ ಹಿಂದಿನ ಪರಿಹಾರಗಳ ವಿವರ ಪಡೆದರೆ ಇನ್ನಷ್ಟು ಸ್ಪಷ್ಟತೆ ದೊರೆಯುತ್ತದೆ.

ದಾಖಲೆಗಳ ಪರಿಶೀಲನೆ

ನೋಂದಣಿ ಪತ್ರದಲ್ಲಿರುವ ಚಾಸಿಸ್ ಮತ್ತು ಎಂಜಿನ್ ಸಂಖ್ಯೆಗಳನ್ನು ಕಾರಿನ ಮೇಲೆ ಕೊರೆದಿರುವ ಸಂಖ್ಯೆಗಳೊಂದಿಗೆ ಅಕ್ಷರಶಃ ಹೋಲಿಸಬೇಕು. ಮಾಲೀಕರ ಕ್ರಮಸಂಖ್ಯೆ, ವಿಮೆಯ ಅವಧಿ, ಸಾಲದ ನಮೂದು ಮೊದಲಾದವನ್ನು ಕೇಂದ್ರ ಸಾರಿಗೆ ಇಲಾಖೆಯ ‘ಪರಿವಾಹನ್’ ಜಾಲತಾಣದಲ್ಲಿ ನೋಡಬಹುದು. ಬಾಕಿಯಿರುವ ಸಂಚಾರ ದಂಡಗಳನ್ನು ಮಾರುವವರಿಂದಲೇ ತೀರಿಸಿಕೊಳ್ಳಬೇಕು. ಕಾರಿನ ಮೇಲೆ ಬ್ಯಾಂಕಿನ ಸಾಲವಿದ್ದರೆ, ಅದು ತೀರಿದ ಬಗ್ಗೆ ಬ್ಯಾಂಕಿನ ಪತ್ರ ಮತ್ತು ಫಾರಂ 35 ಅಗತ್ಯ.

ಖಾಸಗಿ ಕಾರಿನ ನೋಂದಣಿ 15 ವರ್ಷ ಊರ್ಜಿತವಾಗಿರುತ್ತದೆ. ಆ ಬಳಿಕ ವಾಹನ ಸುಸ್ಥಿತಿಯಲ್ಲಿದ್ದರೆ ಐದೈದು ವರ್ಷಗಳಿಗೆ ನವೀಕರಿಸಬಹುದು. ಇದರ ಶುಲ್ಕವನ್ನು 2022ರ ಏಪ್ರಿಲ್‌ನಲ್ಲಿ 600 ರೂಪಾಯಿಗಳಿಂದ 5,000 ರೂಪಾಯಿಗಳಿಗೆ ಏರಿಸಲಾಯಿತು. ಹದಿನಾಲ್ಕು ವರ್ಷದ ಕಾರನ್ನು ಅಗ್ಗವೆಂದು ಕೊಳ್ಳುವವರು ಈ ಖರ್ಚನ್ನೂ ಲೆಕ್ಕಕ್ಕೆ ಸೇರಿಸಬೇಕು.

ಹೊರರಾಜ್ಯದ ಕಾರಿಗೆ ಮೂಲ ನೋಂದಣಿ ಕಚೇರಿಯ ನಿರಾಕ್ಷೇಪಣಾ ಪತ್ರ ಬೇಕು. ಅದಕ್ಕೆ ಫಾರಂ 28ರಲ್ಲಿ ಅರ್ಜಿ ಸಲ್ಲಿಸಬೇಕು. ಕರ್ನಾಟಕದಲ್ಲಿ ಅದನ್ನು ನೋಂದಾಯಿಸುವಾಗ ಕಾರಿನ ವಯಸ್ಸಿಗೆ ಅನುಗುಣವಾಗಿ ಜೀವಾವಧಿ ತೆರಿಗೆಯನ್ನು ತೆರಬೇಕಾಗುತ್ತದೆ. ಕಡಿಮೆ ಬೆಲೆಗೆ ದೊರೆತ ದೆಹಲಿಯ ಕಾರು ಈ ತೆರಿಗೆಯನ್ನು ಸೇರಿಸಿದಾಗ ಅಗ್ಗವಾಗಿ ಉಳಿಯದಿರಬಹುದು.

ಹೆಸರು ವರ್ಗಾವಣೆ

ಮೋಟಾರು ವಾಹನಗಳ ಕಾಯ್ದೆಯ 50ನೆಯ ಕಲಮಿನ ಪ್ರಕಾರ, ಅದೇ ರಾಜ್ಯದೊಳಗೆ ಕಾರನ್ನು ಮಾರಿದವರು 14 ದಿನಗಳೊಳಗೆ ನೋಂದಣಿ ಪ್ರಾಧಿಕಾರಕ್ಕೆ ತಿಳಿಸಬೇಕು. ಹೊರರಾಜ್ಯದ ವಾಹನವಾದರೆ ಈ ಅವಧಿ 45 ದಿನ. ಕೊಂಡವರು 30 ದಿನಗಳೊಳಗೆ ವರದಿ ಸಲ್ಲಿಸಿ ತಮ್ಮ ಹೆಸರಿಗೆ ವರ್ಗಾಯಿಸಿಕೊಳ್ಳಬೇಕು. ಇದಕ್ಕೆ ಫಾರಂ 29 ಮತ್ತು ಫಾರಂ 30 ಬಳಕೆಯಲ್ಲಿವೆ.

ಹೆಸರು ವರ್ಗಾಯಿಸದಿದ್ದರೆ ಆಗುವ ಪರಿಣಾಮವನ್ನು ನವೀನ್ ಕುಮಾರ್ ಮತ್ತು ವಿಜಯ್ ಕುಮಾರ್ ನಡುವಣ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2018ರಲ್ಲಿ ನೀಡಿದ ತೀರ್ಪು ಸ್ಪಷ್ಟಪಡಿಸಿತು. ಅದರಲ್ಲಿ ಕಾರು 2007ರಲ್ಲಿ ಮಾರಾಟವಾಗಿ ಹಲವರ ಕೈ ದಾಟಿತ್ತು. ದಾಖಲೆಯಲ್ಲಿ ಮಾತ್ರ ಮೊದಲ ಮಾಲೀಕರ ಹೆಸರೇ ಉಳಿದಿತ್ತು. 2009ರಲ್ಲಿ ಆ ಕಾರಿನಿಂದ ಅಪಘಾತವಾದಾಗ ಪರಿಹಾರ ಕೊಡಬೇಕಾದವರು ನೋಂದಾಯಿತ ಮಾಲೀಕರೇ ಎಂದು ನ್ಯಾಯಾಲಯ ಹೇಳಿತು. ಪರಿಹಾರಕ್ಕಾಗಿ ಬರುವವರು ಕಾರು ಯಾರಿಂದ ಯಾರಿಗೆ ಹೋಯಿತೆಂದು ಹುಡುಕಿಕೊಂಡು ಅಲೆಯುವಂತಾಗಬಾರದೆಂಬುದು ಇದರ ಹಿಂದಿನ ತರ್ಕ. ಹೀಗಾಗಿ ಹೆಸರು ಬದಲಾವಣೆಯು ಕೊಂಡವರಷ್ಟೇ ಮಾರಿದವರಿಗೂ ಅಗತ್ಯವಾದ ರಕ್ಷಣೆಯಾಗಿದೆ.

ಡೀಲರ್ ಮೂಲಕ ಮಾರುವವರ ತೊಂದರೆಯನ್ನು ನಿವಾರಿಸಲು 2023ರ ಏಪ್ರಿಲ್ 1ರಿಂದ ಹೊಸ ನಿಯಮಗಳು ಜಾರಿಗೆ ಬಂದವು. ಇವುಗಳ ಪ್ರಕಾರ ಬಳಸಿದ ವಾಹನಗಳ ಡೀಲರ್‌ಗಳು ನೋಂದಣಿ ಪ್ರಾಧಿಕಾರದಿಂದ ಐದು ವರ್ಷ ಊರ್ಜಿತವಾದ ಅಧಿಕಾರಪತ್ರ ಪಡೆಯಬೇಕು. ಕಾರನ್ನು ಒಪ್ಪಿಸಿದ ಮಾಹಿತಿಯನ್ನು ವಿಧಿವತ್ತಾಗಿ ದಾಖಲಿಸಿದ ಬಳಿಕ, ಅದು ಮಾರಾಟವಾಗುವವರೆಗೆ ಡೀಲರ್ ಅವರನ್ನೇ ಮಾಲೀಕರೆಂದು ಪರಿಗಣಿಸಲಾಗುತ್ತದೆ.

ವಿಮೆ

ಕಾಯ್ದೆಯ 157ನೆಯ ಕಲಮಿನಂತೆ, ಊರ್ಜಿತದಲ್ಲಿರುವ ಥರ್ಡ್ ಪಾರ್ಟಿ ವಿಮೆಯು ಕಾರಿನೊಂದಿಗೆ ಹೊಸ ಮಾಲೀಕರಿಗೆ ವರ್ಗವಾದಂತೆ ಭಾವಿಸಲಾಗುತ್ತದೆ. ಆದರೆ ಸ್ವಂತ ಕಾರಿಗಾಗುವ ಹಾನಿ ಅಥವಾ ಕಳವಿಗೆ ಸಂಬಂಧಿಸಿದ ವಿಮೆ ತಾನಾಗಿಯೇ ವರ್ಗವಾಗುವುದಿಲ್ಲ. ಪಾಲಿಸಿಯಲ್ಲಿ ಹೆಸರು ಬದಲಾಯಿಸಲು ಕೊಂಡವರು 14 ದಿನಗಳೊಳಗೆ ವಿಮಾ ಸಂಸ್ಥೆಗೆ ಅರ್ಜಿ ಸಲ್ಲಿಸಬೇಕು. ಪರಿಹಾರ ಪಡೆಯದೆ ಕಳೆದ ವರ್ಷಗಳಿಗೆ ಸಿಗುವ, ಶೇಕಡ 20ರಿಂದ 50ರವರೆಗಿನ ‘ನೋ ಕ್ಲೇಮ್ ಬೋನಸ್’ ರಿಯಾಯಿತಿ ಕಾರಿಗೆ ಸೇರಿದ್ದಲ್ಲ, ಹಿಂದಿನ ಮಾಲೀಕರಿಗೆ ಸೇರಿದ್ದು. ಆದ್ದರಿಂದ ಹೊಸ ಮಾಲೀಕರ ಪ್ರೀಮಿಯಂ ಮೊತ್ತ ಹೆಚ್ಚಾಗಬಹುದು. ಗಾಜಿನ ಮೇಲಿರುವ ಹಳೆಯ ಫಾಸ್ಟ್ಯಾಗ್ ಕೂಡ ಹಿಂದಿನ ಮಾಲೀಕರ ಖಾತೆಗೆ ಸೇರಿದ್ದಾಗಿರುತ್ತದೆ. ಅವರು ಅದನ್ನು ಮುಚ್ಚಿಸಿದ ಬಳಿಕ ಹೊಸ ಮಾಲೀಕರು ತಮ್ಮ ಹೆಸರಿನಲ್ಲಿ ಬೇರೊಂದನ್ನು ಪಡೆಯಬೇಕು.